ಚೆಂಡಿನ ಬಾಲ

ಇಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ಸುಳ್ಳು. ಇನ್ನೂರ ನಲವತ್ತು ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ ಗೇಮಿಂಗ್ ಮಾನಿಟರ್ ತಂದ ನಕ್ಷೆಗಾರ, ಅದು ಕಾರ್ ರೇಸ್ ಆಡಲಿಕ್ಕೆ ಎಂದು ಒಪ್ಪಿಕೊಳ್ಳದೆ, "ಕಣ್ಣುರಿ ಕಣೇ, ಇದು ಕಣ್ಣಿಗೆ ಹಿತ," ಎಂದುಬಿಟ್ಟಿದ್ದ. ಮನೆಯಲ್ಲೇ ಕೂತು ದಿನವಿಡೀ ಕಟ್ಟಡಗಳ ನಕ್ಷೆ ಬಿಡಿಸುವವನಿಗೆ ಕಣ್ಣುರಿ ಬರಬಾರದೇನು? ಆದರೆ ಹೆಂಡತಿ ಅವನನ್ನು ಹನ್ನೆರಡು ವರ್ಷದಿಂದ ಬಲ್ಲವಳು.

ಭಾನುವಾರ ಬೆಳಿಗ್ಗೆ ಅವಳು ಮಾನಿಟರಿನ ಖಾಲಿ ಡಬ್ಬ ತಂದು ಮೇಜಿನ ಪಕ್ಕ ಇಟ್ಟಳು.

"ವಾಪಸ್ ಕೊಡೋಕೆ ಇವತ್ತೇ ಕಡೇ ದಿನ. ಹಳೇದಕ್ಕೂ ಇದಕ್ಕೂ ಏನು ವ್ಯತ್ಯಾಸ ತೋರಿಸಿ. ಕಂಡ್ರೆ ಇರಲಿ, ಇಲ್ಲಾಂದ್ರೆ ಅಂಗಡಿಗೆ."

ಸಂಜೆ ಐದು ಗಂಟೆಗೆ ಗೆಳೆಯರ ಜೊತೆ ಆನ್‌ಲೈನ್ ರೇಸ್ ಇತ್ತು, ಹೊಸ ಮಾನಿಟರ್ ಬಂದ ಮೇಲಿನ ಮೊದಲನೆಯದು. ವರ್ಷದಿಂದ ಪ್ರತಿ ಸಲವೂ ಇವನೇ ಕೊನೆ. ತಪ್ಪೆಲ್ಲ ಹಳೆಯ ಮಾನಿಟರಿನದು ಎಂದು ಎಲ್ಲರ ಮುಂದೆ ಸಾರಿಕೊಂಡಿದ್ದ. ಈಗ ಹೊಸದೂ ಕೈತಪ್ಪಿದರೆ ಅವರಿಗೆ ಮುಖ ತೋರಿಸುವಂತಿರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದು ಬಿಳಿ ಚೆಂಡು ಓಡುವಂತೆ ಮಾಡಿದ.

"ಎರಡೂ ಒಂದೇ ಥರ ಇದೆಯಲ್ರೀ," ಎಂದಳು ಹೆಂಡತಿ.

ಹೌದು, ಒಂದೇ ಥರ ಇತ್ತು. ಹತ್ತು ದಿನದಿಂದ "ಆಹಾ, ಎಷ್ಟು ತಂಪು" ಎನ್ನುತ್ತಿದ್ದವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

ಒಳಗಿನಿಂದ ಮಾವ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿ, ಮಗಳ ಮನೆಯಲ್ಲಿದ್ದವರು. ಕಣ್ಣಿನ ಪೊರೆ ತೆಗೆಸಿದಾಗಿನಿಂದ, ಟೀವಿಯಲ್ಲಿ ಫುಟ್‌ಬಾಲ್ ನೋಡುವಾಗ ಓಡುವ ಚೆಂಡಿನ ಹಿಂದೆ ಮಸುಕು ಗೆರೆ ಕಂಡು "ಚೆಂಡಿಗೆ ಬಾಲ ಬಂದಿದೆ" ಎಂದು ಗೊಣಗುತ್ತಿದ್ದರು. ವಯಸ್ಸಾಯಿತು ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಎರಡಕ್ಕೂ ಬಾಲ ಇದೆ," ಎಂದು ಅವರು ತೀರ್ಪು ಕೊಟ್ಟರು.

ಹೆಂಡತಿ ಡಬ್ಬ ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಟೀವಿ ರಿಪೇರಿಯವನು, ಕರೆಯದಿದ್ದರೂ ಬಂದು, ಮೌಸಿಗೆ ಕೈ ಹಾಕಿದ.

"ಅಲ್ಲ ಸ್ವಾಮಿ, ಸೆಟ್ಟಿಂಗ್ ಅರವತ್ತರಲ್ಲೇ ಬಿಟ್ಟಿದ್ದೀರಲ್ಲ. ಹೊಸ ಬಸ್ಸನ್ನ ಮೊದಲನೇ ಗೇರಲ್ಲೇ ಓಡಿಸಿದ ಹಾಗಾಯ್ತು."

ಇನ್ನೂರ ನಲವತ್ತಕ್ಕೆ ಬದಲಿಸಿದ. ಹೊಸ ಪರದೆಯ ಚೆಂಡು ಗುಂಡಗೆ, ಶುಭ್ರವಾಗಿ ಓಡತೊಡಗಿತು.

ಮಾವ ಹತ್ತಿರ ಬಂದು ನಿಂತರು. "ಬಾಲ ಹೋಯ್ತು," ಎಂದರು ಮೆಲ್ಲಗೆ. "ಮಗಳೇ, ನನ್ನ ಕಣ್ಣು ಸರಿಯಾಗೇ ಇದೆ."

ಮಗಳ ಕಣ್ಣು ತುಂಬಿತು. "ಇದು ವಾಪಸ್ ಹೋಗಲ್ಲ."

ನಕ್ಷೆಗಾರ ಉಬ್ಬಿಹೋದ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ನಾನು ಹೇಳಲಿಲ್ವಾ? ಸೋತ ಕಣ್ಣಿಗೆ ಇದೇ ಮದ್ದು."

"ಹೌದು ರೀ, ನನಗೇ ಗೊತ್ತಾಗಲಿಲ್ಲ. ಅಪ್ಪನ ರೂಮಲ್ಲೇ ಇಡೋಣ, ಫುಟ್‌ಬಾಲ್ ನೋಡ್ಕೊಳ್ಳಲಿ."

"ಬರೀ ಮಾನಿಟರ್ ಸಾಲದು," ಎಂದ ರಿಪೇರಿಯವನು. "ಇಷ್ಟು ವೇಗಕ್ಕೆ ಈ ಕಂಪ್ಯೂಟರೇ ಬೇಕು. ಹಿಡೀರಿ ಆ ಕಡೆ."

ನಕ್ಷೆಗಾರ ಆ ಕಡೆ ಹಿಡಿದ. ಮಾವನ ಮುಖ ನೋಡಿ ಬೇಡವೆನ್ನಲು ಅವನಿಗೂ ಮನಸ್ಸಾಗಲಿಲ್ಲ.

ಐದು ಗಂಟೆಗೆ ಅವನು ಹಳೆಯ ಲ್ಯಾಪ್‌ಟಾಪಿನ ಮುಂದೆ ಒಂದು ಮೆಟ್ಟಿಲಿನ ನಕ್ಷೆ ಬಿಡಿಸುತ್ತ ಕೂತಿದ್ದ. ಅದರಲ್ಲಿ ರೇಸ್ ತೆರೆಯುತ್ತಲೇ ಇರಲಿಲ್ಲ. ಮಾವನ ರೂಮಿನಿಂದ ಅದೇನೋ ಗುರ್ ಎಂಬ ಸದ್ದು ಬರುತ್ತಿತ್ತು. ಐದೂವರೆಗೆ ಫೋನಿಗೆ ಗೆಳೆಯರ ಸಂದೇಶ ಬಂತು.

"ಮೊದಲನೇ ಸ್ಥಾನ! ತಪ್ಪೆಲ್ಲ ಮಾನಿಟರಿಂದೇ ಅಂತಿದ್ದೆ, ನಾವೇ ನಂಬಲಿಲ್ಲ. ಮುಂದಿನ ಭಾನುವಾರ ಎಲ್ಲರೂ ನಿಮ್ಮನೆಗೇ ಬರ್ತೀವಿ, ನೀನು ಓಡಿಸೋದನ್ನ ಕಣ್ಣಾರೆ ನೋಡ್ಬೇಕು."

ಬಾಗಿಲಲ್ಲಿ ಮಾವನ ತಲೆ ಕಂಡಿತು. "ಅಳಿಯಂದಿರೇ, ಆಗ ಯಾರೋ ಪರದೆಯಲ್ಲಿ ನಿಮ್ಮ ಹೆಸರು ಹಿಡಿದು ಕರೆದ್ರು. ನೀವು ಕೆಲಸದಲ್ಲಿದ್ರಿ, ಅದಕ್ಕೆ ನಾನೇ ಒಂದು ಟ್ರಿಪ್ ಓಡಿಸಿಬಂದೆ."

ನಕ್ಷೆಗಾರ ಸಂದೇಶವನ್ನು ಮೂರು ಸಲ ಓದಿದ. ಅವನ ಕಣ್ಣು ನಿಜವಾಗಿಯೂ ಉರಿಯತೊಡಗಿತ್ತು.