ಸೊಸೆ ಹಾಕಿದ ಲೂಪು

ಅರ್ಧ ಮಾತು ಕೇಳಿ ಪೂರ್ತಿ ಬೈಯುವುದು ನನ್ನ ಹುಟ್ಟುಗುಣ. ಮೂವತ್ತು ವರ್ಷ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ದುಡಿದವಳು ನಾನು. ಅಲ್ಲಿನ ಯಂತ್ರದ ಸದ್ದಿನಲ್ಲಿ ಯಾರ ಮಾತೂ ಪೂರ್ತಿ ಕೇಳುತ್ತಿರಲಿಲ್ಲ. ತುಟಿ ಆಡಿದ್ದು ನೋಡಿ ಉತ್ತರ ಕೊಡುತ್ತಿದ್ದೆವು. ಜಗಳ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಹೀಗಾಗಿ ಈ ಬೇಸಿಗೆಯಲ್ಲಿ ಸೊಸೆ ಸುಜಾತಾ ಅಡುಗೆ ಮನೆಗೆ ಬಂದು, "ಅತ್ತೀ, ಈ ಐತವಾರ ಲೂಪ್ ಹಾಕ್ಬೇಕಂತ ಮಾಡೀನ್ರಿ" ಎಂದಾಗ ನಾನು ಹೆಚ್ಚೇನೂ ಕೇಳಲಿಲ್ಲ. ನಮ್ಮ ಕಾಲದ ಹೆಂಗಸರಿಗೆ ಲೂಪ್ ಎಂದರೆ ಒಂದೇ. ಮಕ್ಕಳಾಗದಿರಲಿ ಎಂದು ದವಾಖಾನೆಯಲ್ಲಿ ನರ್ಸಮ್ಮ ಹಾಕುತ್ತಿದ್ದದ್ದು.

"ಹಾಕಿಸ್ಕೊ. ಮೊಮ್ಮಕ್ಕಳದೇನು ಅವಸರ ಇಲ್ಲ ನನಗ" ಎಂದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅತ್ತೆ ನಾನಲ್ಲ. "ಯಾವ ದವಾಖಾನಿಗೆ ಹೊಂಟಿ?"

"ದವಾಖಾನಿ ಯಾಕ್ರಿ? ಮನ್ಯಾಗ ನಾನ ಹಾಕ್ತೀನಿ. ಮೊಬೈಲ್‌ದಾಗ ವಿಡಿಯೋ ನೋಡಿ ಕಲ್ತೀನ್ರಿ. ತಾಮ್ರದ್ದು ತರ್ಸೀನಿ. ಇವರು ಟಾರ್ಚ್ ಹಿಡೀತಾರ."

ಹಂಚಿನ ಮೇಲೆ ಬೀಳಬೇಕಾದ ರೊಟ್ಟಿ ಕಟ್ಟೆಯ ಮೇಲೆ ಬಿತ್ತು. ನನ್ನ ಮಗ ಗೌತಮ ಮಾನ್ವಿಯಲ್ಲಿ ಸಾಲಿ ಮಾಸ್ತರ. ಅವನನ್ನು ಹೊರಗಿನಿಂದ ಕರೆದು, "ನಾಕು ಮಂದಿಗೆ ಬುದ್ಧಿ ಹೇಳೋ ಮಾಸ್ತರ, ಹೆಂಡ್ತಿ ಸಾಯಾಕ ಹೊಂಟಾಳಂದ್ರ ಟಾರ್ಚ್ ಹಿಡೀತೀಯೇನಲೇ?" ಎಂದು ಕೂಗಿದೆ. ಓಣಿಯ ಆ ತುದಿಗೂ ಕೇಳಿಸಿರಬೇಕು.

"ಯವ್ವಾ, ಲೂಪ್ ಹಾಕೋದು ಕಂಪ್ಯೂಟರಿಗೆ ಬೇ!"

"ಅದಕ್ಕೆಷ್ಟ ಮಕ್ಕಳು?" ಎಂದೆ. ಸುಜಾತಾ ನಗುತ್ತಾ ನೆಲಕ್ಕೆ ಕುಳಿತವಳು ಏಳಲೇ ಇಲ್ಲ.

ಆಮೇಲೆ ತಿಳಿಸಿ ಹೇಳಿದಳು. ನಮ್ಮ ಸುಜಾತಾ ದೇವದುರ್ಗದ ಹುಡುಗಿ. ಶಾಲೆಯ ಪಾಠಗಳಿಗೆ ಕಂಪ್ಯೂಟರಿನಲ್ಲಿ ಕುಣಿಯುವ ಚಿತ್ರ ಮಾಡಿಕೊಡುತ್ತಾಳೆ. ಆಗ ಗುಂಡಿಗೆಯ ಪಾಠ ಮಾಡುತ್ತಿದ್ದಳು. ಮನುಷ್ಯರೇ ಬಾಡುವ ನಮ್ಮೂರ ಬಿಸಿಲಿಗೆ ಆ ಕಂಪ್ಯೂಟರ್ ಪೆಟ್ಟಿಗೆ ಕಾದು ಕಾದು ನಡುವೆಯೇ ಸತ್ತುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಸೋಮವಾರ ಪಾಠ ಒಪ್ಪಿಸದಿದ್ದರೆ ಕೆಲಸ ಬೇರೆಯವರ ಪಾಲು. ಆಕೆಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಎರಡು ದಿನದಿಂದ ಊಟ ಬಿಟ್ಟಿದ್ದನ್ನು ನಾನು ನೋಡಿದ್ದೆ, ಕೇಳಿರಲಿಲ್ಲ. ಕೇಳಿದರೆ ಸಮಾಧಾನ ಹೇಳಬೇಕಾಗುತ್ತದೆ, ಅದು ನನಗೆ ಬರುವುದಿಲ್ಲ.

ಲೂಪ್ ಎಂದರೆ ನೀರಿನ ಸುತ್ತು. ಪೆಟ್ಟಿಗೆಯೊಳಗೆ ಕಾಯುವ ಜಾಗಕ್ಕೆ ತಾಮ್ರದ ಬಿಲ್ಲೆ, ಅದರಿಂದ ಕೊಳವೆ, ಒಂದು ಪುಟ್ಟ ಮೋಟಾರು, ಲಾರಿಯ ಮುಂದಿರುತ್ತದಲ್ಲ ಅಂಥ ಜಾಲರಿ. ನೀರು ಬಿಸಿ ಹೊತ್ತುಕೊಂಡು ಹೋಗಿ ಜಾಲರಿಯಲ್ಲಿ ಇಳಿಸಿ ಬರಬೇಕು. ಎಲ್ಲ ಸರಿ, ಆದರೆ ಒಂದು ಹನಿ ಸೋರಿ ಕರೆಂಟಿನ ಮೇಲೆ ಬಿದ್ದರೆ ಕಂಪ್ಯೂಟರೂ ಇಲ್ಲ, ಪಾಠವೂ ಇಲ್ಲ. ನಳದ ನೀರು ಹಾಕಬಾರದಂತೆ, ಒಳಗೆ ಉಪ್ಪು ಕಟ್ಟುತ್ತದಂತೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ತಂದಿದ್ದಳು. "ನಳದ್ದು ಕುಡಿದು ನಾ ಎಪ್ಪತ್ತು ದಾಟೀನಿ" ಎಂದೆ. "ಅದಕ್ಕ ನಿಮ್ಮ ಮೊಣಕಾಲು ಕಿರ್ ಅಂತಾವ್ರಿ" ಎಂದಳು.

ಐತವಾರ ಮಧ್ಯಾಹ್ನದೊಳಗೆ ಕೊಳವೆ ಕೂಡಿಸಿ ನೀರು ತುಂಬಿದಳು. ಬೇರೆ ಯಾವುದಕ್ಕೂ ಕರೆಂಟು ಕೊಡದೆ ಮೋಟಾರು ಮಾತ್ರ ಓಡಿಸಿ, ಎಂಟು ಜಾಯಿಂಟಿಗೂ ಕೈ ಒರೆಸುವ ತೆಳು ಕಾಗದ ಸುತ್ತಿದಳು. ಸೋರಿದರೆ ಕಾಗದ ಒದ್ದೆಯಾಗುತ್ತದಂತೆ. ನನಗೆ ಕಾಗದದ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಷ್ಟು ಅಕ್ಷರ ಕಲಿಯಲು ನನಗೆ ಒಂದು ಮಳೆಗಾಲ ಹಿಡಿದಿತ್ತು. ಹತ್ತಿಯ ಮಾತು ಬೇರೆ. ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸಿ ಮಿಲ್ಲಿಗೆ ತರುವವರಿದ್ದರು. ಅಂಥ ಗಾಡಿ ಬಂದರೆ ಸಾಹುಕಾರರು ನನ್ನನ್ನೇ ಕರೆಯುತ್ತಿದ್ದರು. ಒಣ ಹತ್ತಿ ಚಿವುಟಿ ಬಿಟ್ಟರೆ ಉಬ್ಬಿ ಏಳುತ್ತದೆ, ತೇವದ ಹತ್ತಿ ಒತ್ತಿದಲ್ಲೇ ಮಲಗುತ್ತದೆ. ತಲೆದಿಂಬಿನ ಹೊಲಿಗೆ ಬಿಚ್ಚಿ, ಕಾಗದದ ಬದಲು ಎಂಟಕ್ಕೂ ಹತ್ತಿ ಸುತ್ತಿ, ಮುಂದೆ ಮಣೆ ಹಾಕಿಕೊಂಡು ಕುಳಿತೆ.

ಮೂರು ತಾಸು ಕಳೆದ ಮೇಲೆ ಚಿವುಟುತ್ತಾ ಬಂದೆ. ಏಳು ಎದ್ದವು. ಮೇಲಿನ ಒಂದು ಮಲಗಿತು.

"ಇಲ್ಲಿ ಸೋರಾಕತ್ತದ."

ಸುಜಾತಾ ಆ ಜಾಯಿಂಟಿಗೆ ಕಾಗದ ಒತ್ತಿ ತೋರಿಸಿದಳು. ಒಣಗಿತ್ತು. "ಅತ್ತೀ, ಏನೂ ಇಲ್ರಿ. ಈಗ ಚಾಲೂ ಮಾಡಿದ್ರ ನಾಳಿ ಮುಂಜಾನಿಗೆ ಮುಗೀತದ."

"ಯವ್ವಾ, ನಿನ್ನ ಕೈ ಬೆವತಿರಬೇಕು" ಎಂದ ಮಾಸ್ತರ.

ಆಕೆಯ ಬೆರಳು ಕಂಪ್ಯೂಟರಿನ ಗುಂಡಿಯ ಹತ್ತಿರ ಹೋಗಿತ್ತು. ನಾನು ಎದ್ದು ಗೋಡೆಯ ಸ್ವಿಚ್ಚು ಆರಿಸಿ, ಅದರ ಮೇಲೆ ಅಂಗೈ ಮುಚ್ಚಿ ನಿಂತೆ. "ಬೆವತದೋ ಇಲ್ಲೋ, ಬಿಚ್ಚಿ ನೋಡು. ಸುಳ್ಳಾದ್ರ ನನ್ನ ಕೈಗೆ ಹಗ್ಗ ಕಟ್ಟಿ ಮೂಲ್ಯಾಗ ಕುಂದ್ರಸ್ರಿ."

ಗೊಣಗುತ್ತಾ ನೀರು ಇಳಿಸಿ ಬಿಚ್ಚಿದಳು. ಒಳಗಿನ ರಬ್ಬರಿನ ಬಳೆ ತಿರುಚಿ ಒಂದು ಕಡೆ ಕಚ್ಚಿಕೊಂಡಿತ್ತು. ಅದರ ಅಂಚಿನಲ್ಲಿ ಸಾಸಿವೆಯಷ್ಟು ನೀರು ಬೀಳಲು ತಯಾರಾಗಿ ಕುಳಿತಿತ್ತು. ನೇರ ಕೆಳಗೇ ಚಿತ್ರ ಮಾಡುವ ಕಾರ್ಡು. ಮಾಸ್ತರ ಟಾರ್ಚನ್ನು ಇನ್ನಷ್ಟು ಹತ್ತಿರ ತಂದ.

ಸುಜಾತಾ ಬಳೆ ಬದಲಿಸಿ, ಮತ್ತೆ ಮೂರು ತಾಸು ಮೋಟಾರು ಮಾತ್ರ ಓಡಿಸಿದಳು. ಎಂಟೂ ಹತ್ತಿ ಎದ್ದ ಮೇಲೆಯೇ ಕಂಪ್ಯೂಟರ್ ಚಾಲೂ ಮಾಡಲು ಬಿಟ್ಟೆ. ಈ ಸಲ ಪೆಟ್ಟಿಗೆ ಸಾಯಲಿಲ್ಲ. ಸೋಮವಾರ ಊಟದ ಹೊತ್ತಿಗೆ ಪರದೆಯ ಮೇಲೆ ಗುಂಡಿಗೆ ಲಬಡಬ ಬಡಿಯಿತು. ನೋಡಲು ಕುರಿಯ ಗುಂಡಿಗೆಯಂತಿತ್ತು, ಆದರೂ ಪಾಠ ಒಪ್ಪಿಸಿದಳು. ಕೆಲಸ ಕೊಟ್ಟವರು ಒಪ್ಪಿ, ಉಸಿರಾಡುವ ಪುಪ್ಪುಸದ ಪಾಠವನ್ನೂ ಆಕೆಗೇ ಕೊಟ್ಟರು. ಅಂದು ಸುಜಾತಾ ನಾಲ್ಕು ರೊಟ್ಟಿ ಉಂಡಳು. ನಾನು ಎಣಿಸಿದೆ.

ಒಂದನ್ನು ಮಾತ್ರ ಕೇಳಲು ಮರೆತಿದ್ದೆ. ನೀರು ಹೊತ್ತು ತಂದ ಬಿಸಿ ಜಾಲರಿಯಿಂದ ಎಲ್ಲಿಗೆ ಹೋಗುತ್ತದೆ? ಅಲ್ಲಿರುವ ಮೂರು ಫ್ಯಾನು ಅದನ್ನು ಅದೇ ಕೋಣೆಯಲ್ಲಿರುವ ನನ್ನ ಮಂಚದ ಮೇಲೆ ನೇರ ಊದುತ್ತವೆ. ಪುಪ್ಪುಸದ ಪಾಠ ಶುರುವಾದಾಗಿನಿಂದ ಒಲೆಯ ಮುಂದೆ ಮಲಗಿದಂತಿದೆ. ಕೇಳಿದರೆ, "ಅಂದ್ರ ಲೂಪಿನ ಕೆಲಸ ಪಕ್ಕಾ ಆಗೇದ ಅಂತ್ರಿ ಅತ್ತೀ" ಎನ್ನುತ್ತಾಳೆ. ಪಕ್ಕಾ ಮಾಡಿದವಳು ನಾನೇ. ಮಂಚವನ್ನು ಹೊರಗೆ ಬೇವಿನ ನೆರಳಿಗೆ ಎಳೆದುಕೊಂಡಿದ್ದೇನೆ. ಹಾದುಹೋಗುವವರನ್ನೆಲ್ಲ ನಿಲ್ಲಿಸಿ, "ಒಳಗ ಹೋಗಿ ನೋಡಿ ಬರ್ರಿ, ಒಂದ್ ಹನಿ ಸೋರಂಗಿಲ್ಲ" ಎನ್ನುತ್ತೇನೆ. ಹೋದವರು ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಮಂಚದಲ್ಲೇ ಜಾಗ ಕೇಳುತ್ತಾರೆ.