ಇವತ್ತು ಭಾವ ದೋರುಗಾಯಿ

ಒಬ್ಬರು ನಕ್ಕರೆ ಉಳಿದವರಿಗೆಲ್ಲ ಗಾಬರಿಯಾಗುವುದು ನಿಮ್ಮ ಮನೆಯಲ್ಲೂ ಉಂಟೇ? ನಮ್ಮಲ್ಲುಂಟು. ಆ ಮಹಾನುಭಾವರು ನನ್ನ ಅಕ್ಕನ ಗಂಡ. ಯಲ್ದೂರಿನಲ್ಲಿ ಮಾವಿನ ತೋಟ, ಜೊತೆಗೆ ಬೈಪೋಲಾರ್ ಕಾಯಿಲೆ. ಎರಡರಲ್ಲೂ ಅನುಭವಸ್ಥರು!

ಮನಸ್ಸು ಮೇಲೇರಿದರೆ ಅವರಿಗೆ ನಿದ್ದೆಯೇ ಬೇಡ. ಅಂಥದೊಂದು ಏರಿನಲ್ಲಿ ಶಿವಾರಪಟ್ಟಣಕ್ಕೆ ಹೋಗಿ ಕಲ್ಲಿನ ನಂದಿ ಮಾಡಿಸಿ ತಂದರು. ಗುಡಿಗಲ್ಲ, ಮನೆ ಬಾಗಿಲಿಗೆ! ಇಂದಿಗೂ ನಾವು ಅಡ್ಡ ತಿರುಗಿಯೇ ಒಳಗೆ ಹೋಗಬೇಕು. ಮನಸ್ಸು ಇಳಿದರೋ, ತಿಂಗಳುಗಟ್ಟಲೆ ಗೋಡೆ ಕಡೆ ಮುಖ.

ದಿನಾ ಮನಸ್ಸು ಹೇಗಿದೆ, ನಿದ್ದೆ ಬಂತೇ ಎಂದು ಗುರುತು ಹಾಕಿಕೊಳ್ಳಿ ಅಂದರು ಕೋಲಾರದ ಡಾಕ್ಟರು. ಮೊಬೈಲಿನ ನಗುವ, ಅಳುವ ಮುಖಗಳು ಭಾವನಿಗೆ ಒಗ್ಗಲಿಲ್ಲ. ಮಂಡಿಯಲ್ಲಿ ಮಾವು ವಿಂಗಡಿಸುವ ಹಾಗೆ ತಮ್ಮನ್ನೇ ವಿಂಗಡಿಸಿಕೊಂಡರು. ಕುಗ್ಗಿದ ದಿನ ಕಾಯಿ, ಸರಿಯಿದ್ದ ದಿನ ದೋರುಗಾಯಿ, ಮೇಲೇರಿದ ದಿನ ಹಣ್ಣು. ಬೆಳಗಾದರೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಘೋಷಣೆ!

ಅಲ್ಲಿಗೆ ನಮ್ಮ ನೆಮ್ಮದಿ ಮುಗಿಯಿತು. ಬೆಳಿಗ್ಗೆ ದೋರುಗಾಯಿ ಅಂದಿದ್ದೆ, ಈಗ ಒಂಚೂರು ಮಾಗಿದ ಹಾಗಿದೆ, ತಿದ್ದಲೋ ಬೇಡವೋ ಅಂತ ಸಂಜೆ ಫೋನು. ತಮ್ಮನ್ನು ತಾವೇ ಒತ್ತಿ ಒತ್ತಿ ನೋಡಿದರೆ ಯಾವ ಹಣ್ಣು ತಾನೇ ಚೆನ್ನಾಗಿರುತ್ತದೆ? ಆಮೇಲೆ ನಮ್ಮನ್ನೂ ವಿಂಗಡಿಸತೊಡಗಿದರು. ನಾನು ಕಾಯಂ ಉಪ್ಪಿನಕಾಯಿಗೆ!

ಅಕ್ಕನದು ಇನ್ನೊಂದು ಕಾಟ. ಭಾವ ಹಾಡು ಗುನುಗಿದರೂ ಮಾತ್ರೆ ತಗೊಂಡ್ರಾ, ಸಾರಿಗೆ ಉಪ್ಪಿಲ್ಲ ಅಂದರೂ ಮಾತ್ರೆ ತಗೊಂಡ್ರಾ. ನ್ಯಾಯವಾಗಿ ಸಿಟ್ಟಾಗುವ ಹಕ್ಕೂ ಆ ಮನುಷ್ಯನಿಗೆ ಉಳಿಯಲಿಲ್ಲ.

ಹೀಗಿರುವಾಗ ಅವರ ಚಿಕ್ಕ ಮಗಳ ಮದುವೆ ಗೊತ್ತಾಯಿತು. ದೊಡ್ಡವಳ ಮದುವೆಯಲ್ಲಿ ಭಾವ ಆಸ್ಪತ್ರೆಯಲ್ಲಿದ್ದರು, ಧಾರೆ ಎರೆದದ್ದು ಅವರ ತಮ್ಮ. ಈ ಸಲ ತಾನೇ ಎರೆಯಬೇಕು ಅನ್ನುವುದೊಂದೇ ಆಸೆ. ಮದುವೆ ಹತ್ತಿರವಾದಾಗ ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಈ ವಾರವೆಲ್ಲ ನಿದ್ದೆ ಇಲ್ಲ ಕಣಯ್ಯಾ, ಆದ್ರೂ ಸುಸ್ತಿಲ್ಲ. ಎಲ್ರೂ ಮದ್ವೆ ಖುಷಿ ಅಂತಾವ್ರೆ. ನಾನು ಹಣ್ಣಾಗ್ತಿದೀನಿ. ಡಾಕ್ಟ್ರತ್ರ ಕರ್ಕೊಂಡೋಗು."

ಹೋದೆವು. ಡಾಕ್ಟರು ಮಾತ್ರೆ ಬದಲಿಸಿದರು. ನಿದ್ದೆ ನಿಧಾನವಾಗಿ ಮರಳಿತು.

ಧಾರೆಯ ಹೊತ್ತಿಗೆ ಭಾವನ ಚೊಂಬಿನ ನೀರು ಅತ್ತಿತ್ತ ಚೆಲ್ಲುತ್ತಿತ್ತು. ಚೊಂಬು ಹಿಡಿದವರು ನಗುತ್ತಲೇ ಜೋರಾಗಿ ಅತ್ತುಬಿಟ್ಟರು. ಛತ್ರವೆಲ್ಲ ತಿರುಗಿ ನೋಡಿತು. ನಾನು ಬಗ್ಗಿ, ಡಾಕ್ಟರಿಗೆ ಫೋನ್ ಮಾಡಲಾ ಅಂತ ಅಕ್ಕನ ಕಿವಿಯಲ್ಲಿ ಕೇಳಿದೆ.

"ಮಗಳ ಮದ್ವೆ ಕಣೋ," ಅಂದಳು ಅಕ್ಕ. "ಅತ್ಕೊಳ್ಳಿ ಬಿಡು."

ತನ್ನ ಕೈಯನ್ನು ಅವರ ಕೈ ಕೆಳಗೆ ಇಟ್ಟಳು. ನೀರು ನೇರವಾಗಿ ಬಿತ್ತು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಈ ದಿನದಿನದ ಗುರುತು ಎಲ್ಲಿ ಕೈಹಿಡಿಯಿತು, ಎಲ್ಲಿ ಉಸಿರು ಕಟ್ಟಿಸಿತು, ಕೆಳಗೆ ಬರೆಯಿರಿ. ಅಕ್ಕನಿಗೆ ಓದಿ ಹೇಳುತ್ತೇನೆ.