ನಕ್ಷೆಯಲ್ಲಿ ನಮ್ಮ ಮನೆ

ನಮ್ಮ ತುರ್ತು ಕರೆ ಕೇಂದ್ರಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗ ಎಲ್ಲರಿಗಿಂತ ಮೊದಲು ಕಲಿತವಳು ನಾನು. ಹತ್ತು ವರ್ಷದಿಂದ "ತುರ್ತಾ? ಇಲ್ಲವಾದರೆ ಲೈನ್ ಬಿಡಿ" ಎಂದು ಇಡೀ ಊರನ್ನು ಗದರಿಸಿದವಳಿಗೆ ಒಂದು ಮೌಸ್ ಯಾವ ಲೆಕ್ಕ? ಕರೆ ಬಂದ ಜಾಗವನ್ನು ಟೈಪ್ ಮಾಡಿ ಗುಂಡಿ ಒತ್ತಿದರೆ ಹತ್ತಿರದ ವಾಹನದ ಟ್ಯಾಬ್‌ಗೆ ದಾರಿ ಹೋಗುತ್ತದೆ. ಚಾಲಕರು ಫೋನ್ ಮಾಡಿ "ಯಾವ ಗೇಟು ಮೇಡಂ?" ಎಂದು ಪ್ರಾಣ ತಿನ್ನುವಂತಿಲ್ಲ. "ಟ್ಯಾಬ್ ಹೇಳಿದಲ್ಲಿಗೆ ಹೋಗತಕ್ಕದ್ದು, ಪ್ರಶ್ನೆ ಕೇಳತಕ್ಕದ್ದಲ್ಲ" ಎಂದು ನಾನೇ ಸುತ್ತೋಲೆ ಬರೆದು, ನಾನೇ ಗೋಡೆಗೆ ಅಂಟಿಸಿದೆ.

ತರಬೇತಿಯ ದಿನ ಇಂಜಿನಿಯರ್, "ವಿಳಾಸ ಸಿಗದ ಕರೆಗಳಿಗೆ ಸದ್ಯಕ್ಕೆ ಒಂದು ಜಾಗ ಗುರುತು ಮಾಡಿ" ಎಂದರು. ಆಫೀಸನ್ನೇ ಮಾಡಬಹುದಿತ್ತು. ಆದರೆ ಗೋಡೆಯಗಲದ ಪರದೆಯಲ್ಲಿ ಹುದಿಕೇರಿ ಬಳಿಯ ನಮ್ಮ ಮನೆಯನ್ನು ನೋಡುವ ಚಪಲ ನನಗೆ! ಗುರುತು ಮಾಡಿದೆ. ಎಲ್ಲರಿಗೂ ತೋರಿಸಿದೆ. ಅಳಿಸಲು ಮರೆತೆ.

ಕೊಡಗಿನಲ್ಲಿ ಮನೆ ನಂಬರ್ ಹೇಳಿ ಸಹಾಯ ಕೇಳುವವರು ಯಾರಿದ್ದಾರೆ? ಮೊದಲ ಕರೆಯೇ, "ತೋಟದ ಹಳೇ ರೈಟರ್ ಇದ್ದ ಕೂಲಿ ಲೈನ್‌ಮನೆ ಹಿಂದೆ ಆನೆ ನಿಂತುಂಟು!" ಅಕ್ಷರ ಬಿಡದೆ ಟೈಪ್ ಮಾಡಿದೆ. ಕಂಪ್ಯೂಟರ್ ಒಂದೂ ತಕರಾರಿಲ್ಲದೆ ಹಸಿರು ದೀಪ ತೋರಿಸಿತು. ಎಂಥ ಬುದ್ಧಿವಂತ ಯಂತ್ರ ಎಂದು ಬೀಗಿದೆ.

ಸ್ವಲ್ಪ ಹೊತ್ತಿಗೆ ಗಂಡನ ಫೋನ್.

"ಎಂತ ಮಾರಾಯ್ತಿ ಇದು? ಆನೆ ಓಡಿಸುವವರ ಜೀಪು ನಮ್ಮ ಅಂಗಳದಲ್ಲಿ ಉಂಟು. ಆನೆ ಎಲ್ಲಿ ಅಂತ ನನ್ನನ್ನೇ ಕೇಳ್ತಾರೆ!"

"ಪಕ್ಕದ ತೋಟಕ್ಕೆ ಬಂದಿರಬೇಕು. ಕಾಫಿ ಕೊಡಿ."

ಮತ್ತೆ ಫೋನ್. "ಈಗ ಫೈರ್ ಎಂಜಿನ್! ಒಣಗಲು ಹಾಕಿದ ಕಾಫಿ ಮೇಲೇ ಹತ್ತಿಸಿದ್ರು!"

"ಅಯ್ಯೋ, ಬೆಂಕಿ ಎಲ್ಲಿ?"

"ಅಮ್ಮನ ಹೊಟ್ಟೆಯಲ್ಲಿ!"

ಗುಂಡಿಗೆ ಬಿದ್ದ ಹಸುವನ್ನು ಎತ್ತಲು ನಾನೇ ಕಳಿಸಿದ್ದ ವಾಹನವದು. ಪರದೆ ನೋಡಿದೆ. ಅಳಿಸಲು ಮರೆತ ನಮ್ಮ ಮನೆಯ ಗುರುತಿನ ಮೇಲೆ ಮೂರು ವಾಹನಗಳು! ಮೂರನೆಯದು ಆಂಬ್ಯುಲೆನ್ಸ್.

ಅದನ್ನು ಕಳಿಸಿದ್ದು ಒಬ್ಬ ಹೆಂಗಸಿನ ಕರೆಗೆ. ಗಂಡನಿಗೆ ಎದೆನೋವು ಎಂದು ಅಳುತ್ತಾ, "ಹಳೇ ಸೇತುವೆ ದಾಟಿ ಮುರಿದ ಹಸಿರು ಗೇಟು" ಎಂದಷ್ಟೇ ಹೇಳಿದ್ದಳು. ತಿರುಗಿ ಕರೆದರೆ ನೆಟ್‌ವರ್ಕ್ ಇಲ್ಲ. ಚಾಲಕನಿಗೆ ಫೋನ್ ಮಾಡಿ, "ಯಾಕಪ್ಪಾ ಅಲ್ಲಿ ನಿಂತೆ?" ಎಂದು ಕಿರುಚಿದೆ.

"ಟ್ಯಾಬ್ ಹೇಳಿದಲ್ಲೇ ಇದ್ದೇನೆ ಮೇಡಂ. ಪ್ರಶ್ನೆ ಕೇಳಬಾರದಲ್ವಾ?"

"ಹಸಿರು ಗೇಟಪ್ಪಾ! ಹಳೇ ಸೇತುವೆ! ಮುರಿದ ಗೇಟು!" ಎಂದು ಅಳುವ ಸ್ವರದಲ್ಲಿ ಕೂಗಿದೆ. ಫೋನಿನ ಆಚೆಯಿಂದ ನಮ್ಮತ್ತೆಯ ಗಂಟಲು ಕೇಳಿಸಿತು.

"ಮುರಿದ ಹಸಿರು ಗೇಟಾ? ಅದು ನಮ್ಮ ಪೊನ್ನಮ್ಮನ ಮನೆ ಅಲ್ವಾ! ಎರಡು ತಿರುವು ಅಷ್ಟೇ. ಆಚೆ ಸರಿಯಪ್ಪಾ, ನಾನೂ ಬರ್ತೇನೆ!"

ಅತ್ತೆ ಅಂಗಳದ ಕಾಫಿ ಎಳೆದು ಹರಡುವ ಕೋಲಿನ ಸಮೇತ ಆಂಬ್ಯುಲೆನ್ಸಿನ ಮುಂದಿನ ಸೀಟು ಹತ್ತಿದರಂತೆ. ಹೊರಡುವ ಮುನ್ನ, ನಾನು ಫೋನಿನಲ್ಲಿ ಕೂಗಿದ ಗುರುತುಗಳನ್ನು ಕೇಳಿ, ಅದೇ ಕೋಲಿನಿಂದ ಆನೆಯವರಿಗೆ ಒಂದು ದಾರಿ, ಹಸುವಿನವರಿಗೆ ಇನ್ನೊಂದು ದಾರಿ ತೋರಿಸಿದರಂತೆ. ರೋಗಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು, ಬದುಕಿದರು. "ಇನ್ನೊಂಚೂರು ತಡವಾಗಿದ್ದರೆ..." ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಪೂರ್ತಿ ಕೇಳುವ ಧೈರ್ಯ ನನಗಿರಲಿಲ್ಲ.

ಮನೆಯ ಗುರುತು ಅಳಿಸಿದೆ. ಸುತ್ತೋಲೆಯನ್ನು ನಾನೇ ಕಿತ್ತೆ. "ವ್ಯವಸ್ಥೆ ಕೈಕೊಟ್ಟಾಗ ಬಳಸಿದ ಬದಲಿ ವ್ಯವಸ್ಥೆ ಯಾವುದು?" ಎಂದು ಮೇಲಧಿಕಾರಿಗಳು ಬರವಣಿಗೆಯಲ್ಲಿ ಕೇಳಿದರು. "ಅತ್ತೆ" ಎಂದು ಬರೆದು ಸಹಿ ಹಾಕಿದೆ.

ಈಗ ಎಲ್ಲ ಚಾಲಕರ ಬಳಿಯೂ ಅತ್ತೆಯ ನಂಬರ್ ಉಂಟು. ಮೊನ್ನೆ ಬರುವುದು ತಡವಾಗುತ್ತದೆ ಎಂದು ಹೇಳಲು ಮನೆಗೆ ಫೋನ್ ಮಾಡಿದೆ. ನಾಲ್ಕು ಸಲವೂ ಬ್ಯುಸಿ. ಐದನೇ ಸಲ ಎತ್ತಿದರು.

"ತುರ್ತಾ?"

"ಅಲ್ಲ ಅತ್ತೆ, ನಾನು..."

"ಹಾಗಾದ್ರೆ ಲೈನ್ ಬಿಡು!"

ಬಿಟ್ಟೆ.